ಕಬ್ಬಿಗೆ ನೀರು ಎಷ್ಟು, ಗೊಬ್ಬರ ಯಾವಾಗ?

ಘಟಪ್ರಭಾ, ಕೃಷ್ಣಾ ಕಾಲುವೆ ಕೆಳಗಿನ ಎರೆ (ಕಪ್ಪು ಮಣ್ಣಿನ) ಹೊಲಗಳು ಸವಳು-ಜವಳಾಗಿದ್ದು, ಅಂದರೆ ಉಪ್ಪೇರಿ ಜೌಗು ಹಿಡಿದಿದ್ದು, ನೀರು ಸಾಲದೆ ಅಲ್ಲ, ಜಾಸ್ತಿಯಾಗಿ. ಮೇಲೆ ಹಾಕಿದ ಯೂರಿಯಾ ಅದೇ ನೀರಿನ ಜೊತೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಹಾಗಾಗಿ ನೀರು, ಗೊಬ್ಬರ ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡಬೇಕು.

ನಾಟಿಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಹೊಲದ ಎಂಟು ಹತ್ತು ಕಡೆ ಮುಕ್ಕಾಲು ಅಡಿ ಆಳ ಅಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದು, ಎಲ್ಲ ಕಲಸಿ ಅರ್ಧ ಕೆಜಿ ಕೊಟ್ಟರೆ ಸಾಕು. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ.

ಪರೀಕ್ಷೆಯ ಚೀಟಿ ಕೈಗೆ ಬರುವವರೆಗೆ ಅಂದಾಜು ಬೇಕಲ್ವಾ? ಎಕರೆಗೆ ಸಾರಜನಕ 100, ರಂಜಕ 30, ಪೊಟ್ಯಾಷ್ 75 ಕೆಜಿ ಅಂತ ಹಿಡಿಯಿರಿ. ಅಂದರೆ ರಂಜಕದ ಜೊತೆ ಸ್ವಲ್ಪ ಸಾರಜನಕವೂ ಇರುವ ಡಿಎಪಿ ಗೊಬ್ಬರ 50 ಕೆಜಿಯ ಒಂದೂಕಾಲು ಚೀಲ, 45 ಕೆಜಿಯ ಯೂರಿಯಾ ನಾಲ್ಕೂಕಾಲು ಚೀಲ, ಪೊಟ್ಯಾಷ್‌ಗೆ ಎಂಒಪಿ 50 ಕೆಜಿಯ ಎರಡೂವರೆ ಚೀಲ. ಕೊಟ್ಟಿಗೆ ಗೊಬ್ಬರ 10 ಟನ್ ಬೇರೆ. ಡಿಎಪಿಯನ್ನು ನಾಟಿಯಲ್ಲೇ ಸಾಲಿಗೆ ಹಾಕಿ ಮುಗಿಸಿ. ಯೂರಿಯಾ ಮಾತ್ರ ಕಂತಿನಲ್ಲಿ: ಸ್ವಲ್ಪ ನಾಟಿಗೆ, ಆಮೇಲೆ ಎರಡು ಸಲ, ಕೊನೆಯದು ಬೋದು ಏರಿಸುವಾಗ (ಬುಡಕ್ಕೆ ಮಣ್ಣು ಏರಿಸುವಾಗ). ಅಲ್ಲಿಗೆ ಕೈ ಬಿಡಿ. ಪಕ್ಕದವರ ಕಬ್ಬು ಕಪ್ಪಗೆ ಹಸಿರಾಗಿದೆ ಅಂತ ಏಳೆಂಟು ತಿಂಗಳ ಮೇಲೂ ಯೂರಿಯಾ ಎರಚುವವರಿದ್ದಾರೆ. ಆಗ ಕಬ್ಬು ಬೀಳುತ್ತದೆ, ರಸದಲ್ಲಿ ಸಕ್ಕರೆ ಇಳಿಯುತ್ತದೆ, ಅಷ್ಟೇ.

ಪ್ರತಿ ಕಂತನ್ನೂ ಬುಡದ ಪಕ್ಕ ಗೀರಿನಲ್ಲಿ ಹಾಕಿ, ಮಣ್ಣು ಮುಚ್ಚಿ, ತೆಳುವಾಗಿ ನೀರು ಕೊಡಿ. ತ್ರೀಫೇಸ್ ಕರೆಂಟು ರಾತ್ರಿ ಬರುತ್ತದೆ ಅಂತ ಮೋಟಾರು ಹಚ್ಚಿ ಮಲಗಿಬಿಟ್ಟರೆ ಗೊಬ್ಬರದ ದುಡ್ಡು ಬಸಿಗಾಲುವೆಗೆ ಹೋದ ಹಾಗೆ.

ನೀರು ಯಾವಾಗ ಅನ್ನುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ಸಲಿಕೆಯಲ್ಲಿ ಒಂದಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ ನಿಂತರೆ ಇನ್ನೂ ಹಸಿ ಇದೆ, ಕಾಯಿರಿ. ಪುಡಿಪುಡಿಯಾದರೆ ನೀರು ಬಿಡಿ. ತೆಂಡೆ (ಬುಡದ ಮರಿಗಳು) ಒಡೆಯುವ ಕಾಲ ಮತ್ತು ಗಣಿಕೆ (ಗಿಣ್ಣುಗಳ ನಡುವಿನ ಭಾಗ) ಉದ್ದವಾಗುವ ಕಾಲದಲ್ಲಿ ಮಾತ್ರ ಒಣಗಲು ಬಿಡಲೇಬಾರದು. ನೀರಿನ ತಾಪತ್ರಯ ಇದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಯಿಸಿ, ಮುಂದಿನ ಸಲ ಬಿಟ್ಟ ಸಾಲಿಗೆ. ಹನಿ ನೀರಾವರಿ ಇದ್ದರೆ ಯೂರಿಯಾ, ನೀರಲ್ಲಿ ಕರಗುವ ಬಿಳಿ ಪೊಟ್ಯಾಷ್ ಎರಡನ್ನೂ ಪೈಪಿನಲ್ಲೇ ಸ್ವಲ್ಪ ಸ್ವಲ್ಪ ಕೊಡಬಹುದು, ನನ್ನ ಪ್ರಕಾರ ಅದಕ್ಕಿಂತ ಒಳ್ಳೇದಿಲ್ಲ. ಕಟಾವಿಗೆ ಎರಡು ಮೂರು ವಾರ ಮುಂಚೆ ನೀರು ನಿಲ್ಲಿಸಿ.

ಕಟಾವಾದ ಮೇಲೆ ರವದಿಗೆ (ಒಣ ಸೋಗೆಗೆ) ಬೆಂಕಿ ಬೇಡ. ಸಾಲಿನ ನಡುವೆ ಹರಡಿ, ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಎರಚಿ ನೀರು ಕೊಟ್ಟರೆ ಬೇಗ ಕೊಳೆಯುತ್ತದೆ, ತೇವವೂ ಉಳಿಯುತ್ತದೆ. ಸುಣ್ಣದ ಕಲ್ಲಿರುವ ಹೊಲದಲ್ಲಿ ಕೂಳೆ ಕಬ್ಬಿನ (ಕಟಾವಾದ ಬುಡದಿಂದ ಮತ್ತೆ ಚಿಗುರಿದ ಕಬ್ಬಿನ) ಹೊಸ ಎಲೆ ಬೆಳ್ಳಗಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಯೂರಿಯಾ ಹಾಕಿದರೆ ಹೋಗಲ್ಲ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ.