ಕಾಲ ನೋಡ್ಕೊಂಡು ತಿನ್ನೋದು ಹೇಗೆ

ಮೊದಲು ಡಯೆಟ್ ಚಾರ್ಟ್ ಪಕ್ಕಕ್ಕಿಡಿ. ಮಾರ್ಕೆಟ್‌ನಲ್ಲಿ ಯಾವ ತರಕಾರಿ ರಾಶಿ ರಾಶಿ ಬಂದಿದೆ ನೋಡಿ, ಸಾಮಾನ್ಯವಾಗಿ ಅದೇ ಈಗಿನ ಸೀಸನ್ನಿಂದು, ರೇಟೂ ಕಮ್ಮಿ ಇರತ್ತೆ. ಸೊಪ್ಪು ತಗೊಳ್ಳೋವಾಗ ದಂಟು ಮುರಿದು ನೋಡಿ, ಪಟ್ ಅಂತ ಮುರಿದ್ರೆ ಫ್ರೆಶ್, ಜೋತು ಬಿದ್ದಿದ್ರೆ ಬೇಡ. ಕಿತ್ತ ಮೇಲೆ ಅದರಲ್ಲಿರೋ ವಿಟಮಿನ್ ಸಿ ದಿನಾ ಕಮ್ಮಿ ಆಗ್ತಾ ಹೋಗತ್ತೆ, ಅದಕ್ಕೇ ವಾರಕ್ಕಾಗೋಷ್ಟು ಒಟ್ಟಿಗೇ ತರಬೇಡಿ ಅನ್ನೋದು.

ಬೇಸಿಗೇಲಿ ತುಂಬಾ ಹುಷಾರಾಗಿರ್ಬೇಕು. ಬೆವರಲ್ಲಿ ನೀರಷ್ಟೇ ಅಲ್ಲ ಉಪ್ಪೂ ಹೋಗತ್ತೆ, ಹಾಗಾಗಿ ಬಿಸಿಲಲ್ಲಿ ಗಂಟೆಗಟ್ಟಲೆ ಕೆಲಸ ಮಾಡೋರು ಬರೀ ನೀರು ಕುಡಿದ್ರೆ ಸಾಲಲ್ಲ, ಚಿಟಿಕೆ ಉಪ್ಪು ಹಾಕಿದ ನಿಂಬೆ ಪಾನಕ ಒಳ್ಳೇದು (ಬಿಪಿ, ಕಿಡ್ನಿ ತೊಂದರೆ ಇದ್ರೆ ಡಾಕ್ಟರ್‌ನ ಕೇಳಿ). ಸೌತೆಕಾಯಲ್ಲಿ ಸುಮಾರು 95%, ಕಲ್ಲಂಗಡೀಲಿ ಸುಮಾರು 92% ನೀರೇ ಇರತ್ತೆ, ಧಾರಾಳವಾಗಿ ತಿನ್ನಿ. ಮೂತ್ರ ಗಾಢ ಹಳದಿ ಇದ್ರೆ ನೀರು ಸಾಲ್ತಿಲ್ಲ ಅಂತ ಅರ್ಥ.

ಮಳೆಗಾಲದಲ್ಲಿ ಹಸಿ ಸಲಾಡ್ ಕಮ್ಮಿ ಮಾಡಿ, ಸೊಪ್ಪನ್ನ ಎರಡು ಮೂರು ನೀರಲ್ಲಿ ತೊಳೆದು ಬೇಯಿಸಿ ಬಿಸಿಬಿಸಿ ತಿನ್ನಿ, ಉಳಿದಿದ್ದನ್ನ 2 ಗಂಟೆಯೊಳಗೆ ಫ್ರಿಜ್‌ಗೆ ಹಾಕ್ಬಿಡಿ.

ಚಳಿಗಾಲಕ್ಕೆ ಗೆಡ್ಡೆ, ಕಾಳು, ಬಿಸಿ ಸೂಪು. ಬಾಯಾರಿಕೆ ಗೊತ್ತಾಗಲ್ಲ, ಆದ್ರೂ ನೀರು ಬಿಡಬೇಡಿ. ಬೆಳಿಗ್ಗೆ ಎದ್ದ ಮೇಲೆ ಒಂದರ್ಧ ಗಂಟೆ ಹೊರಗೆ ಬೆಳಕಲ್ಲಿ ಓಡಾಡಿ, ನಮ್ಮ ಮೈಯೊಳಗಿನ ಗಡಿಯಾರ ಸೆಟ್ ಆಗೋದೇ ಆ ಬೆಳಕಿಂದ, ರಾತ್ರಿ ನಿದ್ದೆನೂ ಟೈಮಿಗೆ ಸರಿಯಾಗಿ ಬರತ್ತೆ.