ಹಳೆಯ ಚಿಪ್ ಹುಡುಕದೆ ಸಿಂತ್ (ಸಿಂಥಸೈಜರ್) ಆಸಿಲೇಟರ್‌ನ ಶ್ರುತಿ ಕೂಡಿಸುವುದು

ಈ ಕೆಲಸಕ್ಕೆ ಬಳಸುತ್ತಿದ್ದ, ಒಂದಕ್ಕೊಂದು ಹೊಂದುವ ಟ್ರಾನ್ಸಿಸ್ಟರ್‌ಗಳಿದ್ದ ಸಿಎ3046 ಚಿಪ್‌ನ ಉತ್ಪಾದನೆ ನಿಂತಿದೆ. ಕಂಟ್ರೋಲ್ ವೋಲ್ಟೇಜ್‌ನ ಒಂದು ವೋಲ್ಟ್‌ಗೆ ಸ್ವರ ಒಂದು ಸ್ಥಾಯಿ (ಆಕ್ಟೇವ್) ಏರಬೇಕಾದರೆ ಎರಡು ಬಿಸಿ547 ಟ್ರಾನ್ಸಿಸ್ಟರ್, ಒಂದು ಟಿಎಲ್072 ಆಪ್‌ಆ್ಯಂಪ್ ಚಿಪ್ ಇದ್ದರೆ ಆಯಿತು.

ಪ್ರತಿ ಟ್ರಾನ್ಸಿಸ್ಟರ್‌ನ ಬೇಸ್, ಕಲೆಕ್ಟರ್ ಕೂಡಿಸಿ, 12 ವೋಲ್ಟ್‌ನಿಂದ 100ಕೆ (ಕಿಲೋಓಮ್) ರೆಸಿಸ್ಟರ್ ಮೂಲಕ ಕರೆಂಟ್ ಕೊಟ್ಟು ಬೇಸ್-ಎಮಿಟರ್ ವೋಲ್ಟೇಜ್ ಅಳೆಯಿರಿ. 2 ಮಿಲಿವೋಲ್ಟ್ ಒಳಗಿನ ಜೋಡಿ ಆರಿಸಿ. ಬೆರಳು ತಾಗಿ ಬಿಸಿಯಾದರೆ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಮುಟ್ಟಿದ ಮೇಲೆ ಒಂದೆರಡು ನಿಮಿಷ ಕಾಯಿರಿ. ನಿಜ ಹೇಳಬೇಕೆಂದರೆ ಅಳತೆ ಹೊಂದುವುದಕ್ಕಿಂತ ಎರಡೂ ಒಂದೇ ಬಿಸಿಯಲ್ಲಿರುವುದು ಮುಖ್ಯ. ಚಪ್ಪಟೆ ಮುಖಗಳಿಗೆ ಥರ್ಮಲ್ ಪೇಸ್ಟ್ ಹಚ್ಚಿ, ಎದುರುಬದುರು ಒತ್ತಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ತೊಡಿಸಿ.

ಬೇಸ್‌ಗೆ ಸ್ಥಾಯಿಯೊಂದಕ್ಕೆ 18 ಮಿಲಿವೋಲ್ಟ್ ಬೇಕು. ಆಪ್‌ಆ್ಯಂಪ್‌ನ ಇನ್‌ಪುಟ್‌ಗೆ 100ಕೆ ಜೊತೆ 20ಕೆ ಮಲ್ಟಿಟರ್ನ್ ಪ್ರೀಸೆಟ್ (ಹಲವು ಸುತ್ತು ತಿರುಗಿಸಿ ಹೊಂದಿಸುವ ರೆಸಿಸ್ಟರ್), ಫೀಡ್‌ಬ್ಯಾಕ್‌ಗೆ 2ಕೆಯ 3300 ಪಿಪಿಎಂ ಟೆಂಪ್‌ಕೋ ರೆಸಿಸ್ಟರ್ (ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವಂಥದ್ದು) ಹಾಕಿ, ಅದನ್ನು ಜೋಡಿಗೇ ಅಂಟಿಸಿ. ಪ್ರೀಸೆಟ್ 11ಕೆ ಸುತ್ತ ನಿಲ್ಲುತ್ತದೆ. ಒಂದೊಂದು ವೋಲ್ಟ್ ಏರಿಸಿದಂತೆ 110, 220, 440 ಹರ್ಟ್ಜ್ ಸಾಲಾಗಿ ಬರುವವರೆಗೆ ತಿರುಗಿಸಿ.

ಕಾರವಾರದ ಮಳೆಗಾಲದಲ್ಲಿ ಮಂದ್ರ ಸ್ವರ ಜಾರಿದರೆ ಮೊದಲು ಬೋರ್ಡ್ ನೋಡಿ. ಮಂದ್ರದಲ್ಲಿ ಹರಿಯುವುದು ನ್ಯಾನೋಆಂಪ್ ಲೆಕ್ಕದ ಕರೆಂಟ್. ಬೆಸುಗೆಯಿಂದ ಉಳಿದ ಫ್ಲಕ್ಸ್ ಉಪ್ಪುಗಾಳಿಯ ತೇವ ಹೀರಿದರೆ ಅಷ್ಟು ಅಲ್ಲೇ ಸೋರಿಹೋಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆಯೇ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಬಳಿಯಿರಿ.