ಬಿಟ್ಟವರು ಮತ್ತೆ ಕುಡಿದರೆ ಮನೆಯವರು ಏನು ಮಾಡಬೇಕು

ನಾನು ಚನ್ನರಾಯಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನಮ್ಮ ಯಜಮಾನರು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುತ್ತಾರೆ. ಅವರು ಕುಡಿತ ಬಿಟ್ಟು ಕೆಲವು ವರ್ಷ ಆಯಿತು. ಮಧ್ಯೆ ಮತ್ತೆ ಕುಡಿದದ್ದೂ ಉಂಟು. ಇದನ್ನೆಲ್ಲ ಬರೆಯಲಾ ಅಂತ ಕೇಳಿದಾಗ, "ಬರಿ, ಯಾರಿಗಾದ್ರೂ ಅನುಕೂಲ ಆಗ್ಲಿ" ಅಂದರು. ಅಂಗಡಿಗೆ ಬಂದ ಹೆಂಗಸರು ಕೆಲವರು ಬ್ಲೌಸ್ ಅಳತೆ ಕೊಟ್ಟ ಮೇಲೂ ಹೋಗದೆ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ನಮ್ಮನೆಯವ್ರು ಬಿಟ್ಟಿದ್ರು, ಮತ್ತೆ ಶುರು ಮಾಡವ್ರೆ. ಏನ್ ಮಾಡೋದು?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಚಿಕಿತ್ಸೆ ಪಡೆದ ಮೇಲೂ ನೂರಕ್ಕೆ 40ರಿಂದ 60 ಜನ ಮತ್ತೆ ವ್ಯಸನಕ್ಕೆ ಮರಳುತ್ತಾರೆ ಅಂತ ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯ ಲೆಕ್ಕ ಹೇಳುತ್ತದೆ. ಬಿಪಿ, ಆಸ್ತಮಾ ಕಾಯಿಲೆಗಳು ಮರುಕಳಿಸುವುದೂ ಕಡಿಮೆ ಏನಲ್ಲ. ಬಿಪಿ ಏರಿತು ಅಂತ ಯಾರೂ ಮಾತ್ರೆ ಬಿಸಾಡುವುದಿಲ್ಲ. ಡಾಕ್ಟರ ಹತ್ತಿರ ಹೋಗಿ ಡೋಸ್ ಬದಲಾಯಿಸಿಕೊಂಡು ಬರುತ್ತಾರೆ. ಇಲ್ಲೂ ಹಾಗೇ ಮಾಡಬೇಕು. ಅದಕ್ಕೆ ತಯಾರಿಯನ್ನು ಅವರು ಚೆನ್ನಾಗಿರುವ ದಿನವೇ ಮಾಡಿಟ್ಟುಕೊಳ್ಳಬೇಕು. ಕುಡಿದು ಬಂದ ರಾತ್ರಿ ಯಾರ ತಲೆಯೂ ಓಡುವುದಿಲ್ಲ.

ಚೆನ್ನಾಗಿರುವಾಗಲೇ ಬರೆದಿಡಿ

ಊಟ ಆದ ಮೇಲೆ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಮತ್ತೆ ಕುಡಿದರೆ ಯಾವ ಆಸ್ಪತ್ರೆಗೆ ಹೋಗಬೇಕು, ಜೊತೆಗೆ ಯಾರು ಬರಬೇಕು, ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಹೇಳಲೇಬಾರದು, ದುಡ್ಡು ಯಾರ ಕೈಯಲ್ಲಿರಬೇಕು. ಅವರ ಬಾಯಲ್ಲೇ ಹೇಳಿಸಿ, ಅವರ ಕೈಯಲ್ಲೇ ಬರೆಸಿ. ನಮ್ಮ ಹಾಳೆಯಲ್ಲಿ ನನ್ನ ತಮ್ಮನ ಹೆಸರಿದೆ, ಅವರ ಅಣ್ಣನ ಹೆಸರಿಲ್ಲ. ಅಣ್ಣ ಬೈಯುತ್ತಾರೆ, ತಮ್ಮ ಸುಮ್ನೆ ಜೊತೆಗೆ ಬರುತ್ತಾನೆ.

ಅದೇ ಹಾಳೆಯ ಹಿಂದೆ ಅಪಾಯದ ದಿನಗಳನ್ನು ಬರೆಯಿರಿ. ನಮ್ಮ ಕಡೆ ಅವು ಕ್ಯಾಲೆಂಡರಲ್ಲೇ ಇರುತ್ತವೆ. ಯುಗಾದಿ ಮಾರನೇ ದಿನದ ಹೊಸತೊಡಕು. ಬೀಗರೂಟ. ಊರ ಜಾತ್ರೆ. ಪಂಚಾಯ್ತಿ ಎಲೆಕ್ಷನ್. ತೆಂಗಿನಕಾಯಿ ದುಡ್ಡು ಕೈಗೆ ಬಂದ ದಿನ. ನಮ್ಮ ಯಜಮಾನರು ಮತ್ತೆ ಕುಡಿದದ್ದು ಮಹಾಲಯ ಅಮಾವಾಸ್ಯೆ ದಿನ. ತೀರಿಕೊಂಡ ನಮ್ಮ ಮಾವನವರಿಗೆ ಇಷ್ಟ ಅಂತ ಎಡೆಗೆ ಬಾಟ್ಲಿ ಇಡುವುದು ಮನೆಯ ಪದ್ಧತಿ. ಪೂಜೆ ಆದ ಮೇಲೆ ಗಂಡಸರು ಹಂಚಿಕೊಳ್ಳುತ್ತಾರೆ. "ಅಪ್ಪನ ಪ್ರಸಾದ, ಒಂದು ಲೋಟ" ಅಂತ ಯಾರೋ ಅಂದರು. ಮಾರನೇ ವರ್ಷ ನಮ್ಮ ಅತ್ತೆಯೇ ಮುಂದೆ ನಿಂತು ಎಡೆಗೆ ಎಳನೀರು ಇಡಿಸಿದರು. ಹಿರಿಯರೊಬ್ಬರು ಹಾಗೆ ನಿಂತರೆ ಉಳಿದವರು ಎದುರು ಮಾತಾಡುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಬಾಟ್ಲಿ ಮುಟ್ಟುವ ಮೊದಲೇ ಗೊತ್ತಾಗುತ್ತದೆ

ಕುಡಿತ ಬಿಟ್ಟ ಮೊದಲ 3 ತಿಂಗಳು ಜಾಸ್ತಿ ಎಚ್ಚರ ಬೇಕು. ಲೋಟ ಕೈಗೆ ಬರುವ ಎಷ್ಟೋ ದಿನ ಮೊದಲೇ ನಡವಳಿಕೆ ಬದಲಾಗಿರುತ್ತದೆ. ಆಸ್ಪತ್ರೆಯ ವಾರ ತಪ್ಪಿಸುತ್ತಾರೆ. "ನಂಗೀಗ ಏನೂ ಆಗಲ್ಲ, ಮಾತ್ರೆ ಯಾಕೆ" ಅನ್ನುತ್ತಾರೆ. ಸಂಜೆ ಸಾರಿಗೆ ಉಪ್ಪು ಕಮ್ಮಿ ಅಂತ ಸಿಟ್ಟು ಮಾಡುತ್ತಾರೆ. ಇಷ್ಟು ದಿನ ಹೋಗುತ್ತಿದ್ದ ದಾರಿ ಬಿಟ್ಟು ಬಾರ್ ಮುಂದಿನ ದಾರಿಯಲ್ಲಿ ಬರುತ್ತಾರೆ, ಅಲ್ಲಿ ಟೀ ಚೆನ್ನಾಗಿರುತ್ತೆ ಅಂತ ಕಾರಣ ಕೊಡುತ್ತಾರೆ. ಅದು ಸುಳ್ಳು ಅಂತ ಅವರಿಗೇ ಅನಿಸಿರುವುದಿಲ್ಲ. ಅಲನ್ ಮಾರ್ಲಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥ ಸಣ್ಣಸಣ್ಣ ತೀರ್ಮಾನಗಳನ್ನೇ ಹಿಡಿದು ಅಧ್ಯಯನ ಮಾಡಿದರು. ಮತ್ತೆ ಕುಡಿಯದಂತೆ ತಡೆಯುವ ಈಗಿನ ಕೌನ್ಸೆಲಿಂಗ್‌ಗೆ ಅವರ ಕೆಲಸ ಒಂದು ಮುಖ್ಯ ಆಧಾರ.

ನಮ್ಮ ಕೌನ್ಸೆಲರ್ ಮೇಡಂ ನಾಲ್ಕು ಪ್ರಶ್ನೆ ಹೇಳಿಕೊಟ್ಟಿದ್ದರು. ಹೊಟ್ಟೆ ಹಸಿದಿದೆಯಾ? ಸಿಟ್ಟು ಬಂದಿದೆಯಾ? ಒಂಟಿ ಅನಿಸ್ತಿದೆಯಾ? ಸುಸ್ತಾಗಿದೆಯಾ? ಕುಡಿಯುವ ಆಸೆ ಹೆಚ್ಚಾಗಿ ಇವುಗಳ ಬೆನ್ನಿಗೇ ಬರುತ್ತದೆ. ಒಮ್ಮೆ ಎದ್ದ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಕೈಗೊಂದು ಕೆಲಸ, ಹೊಟ್ಟೆಗೊಂದಿಷ್ಟು ಊಟ ಇದ್ದರೆ ಸಾಕು. ಇವರು ಅಂಗಡಿ ಮುಚ್ಚುವ ಹೊತ್ತಿಗೆ ನಾನು ತಿಂಡಿ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಿದ್ದೆ. ಕಾವಲಿಗೆ ಬಂದಿದ್ದೀನಿ ಅಂತ ಅನಿಸಬಾರದು, ಅದಕ್ಕೆ ಮಗಳನ್ನೂ ಕರೆದುಕೊಂಡು ಹೋಗಿ ಎಲ್ಲರೂ ಒಟ್ಟಿಗೆ ನಡೆದು ಬರುತ್ತಿದ್ದೆವು.

ಕುಡಿದು ಬಂದ ರಾತ್ರಿ

ಆ ರಾತ್ರಿ ಜಗಳ ಬೇಡ. ಮಗುವಿನ ತಲೆ ಮುಟ್ಟಿ ಆಣೆ ಹಾಕಿಸುವುದಂತೂ ಬೇಡವೇ ಬೇಡ. ಆಣೆ ಮುರಿದರೆ ನಾಚಿಕೆ ಜಾಸ್ತಿ ಆಗುತ್ತದೆ, ಆ ನಾಚಿಕೆ ಮುಚ್ಚಲು ಮತ್ತೆ ಕುಡಿಯುತ್ತಾರೆ. ಮಗುವಿನ ಮನಸ್ಸಿಗೂ ಅದು ಭಾರ. ಬೈಕ್ ಕೀ ತೆಗೆದಿಡಿ. ಒಂದು ಪಕ್ಕಕ್ಕೆ ಮಲಗಿಸಿ, ವಾಂತಿ ಬಂದರೆ ಉಸಿರಿಗೆ ಸಿಕ್ಕಿಕೊಳ್ಳಬಾರದು. ಅಲುಗಾಡಿಸಿದರೂ ಎಚ್ಚರ ಆಗದಿದ್ದರೆ, ಉಸಿರು ತುಂಬ ನಿಧಾನ ಆಗಿದ್ದರೆ, ತುಟಿ ನೀಲಿ ಆಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕೈ ಎತ್ತಿದರೆ ಅಲ್ಲಿ ನಿಲ್ಲಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಕಾಯಿಲೆ ಅಂತ ಏಟು ತಿನ್ನಬೇಕಾಗಿಲ್ಲ.

ಬೆಳಿಗ್ಗೆ, ಅಮಲು ಇಳಿದ ಮೇಲೆ, ಮೂರೇ ಮಾತು ಕೇಳಿ. ಎಷ್ಟು ಕುಡಿದ್ರಿ? ಯಾವತ್ತಿಂದ? ಅದಕ್ಕೆ ಮುಂಚೆ ಏನಾಗಿತ್ತು? ಈ ಮೂರನೆಯದರಲ್ಲೇ ಮುಂದಿನ ದಾರಿ ಇರುತ್ತದೆ. ಯಾಕೆ ಕುಡಿದೆ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ ಅಷ್ಟೇ.

ಒಂದೇ ಸಲ ಜಾರಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಬಹುದು. ಎಡೆ ದಿನದ ಬಗ್ಗೆ ಇವರು ಹೇಳಿದ್ದು ಹೀಗೆ: "ಒಂದು ಲೋಟ ಒಳಗೆ ಹೋದ್ಮೇಲೆ, ಹೋಯ್ತಲ್ಲ, ಇನ್ನೇನು ಉಳೀತು, ಪೂರ್ತಿನೇ ಕುಡಿದುಬಿಡೋಣ ಅನ್ನಿಸ್ತು." ಆ ಮೊದಲ ಲೋಟಕ್ಕಿಂತ ಈ ಯೋಚನೆಯೇ ಜಾಸ್ತಿ ಹಾಳು ಮಾಡುತ್ತದೆ. ಇದನ್ನು ಮುರಿಯಲು ಮನೆಯವರು ಹೇಳಬೇಕಾದ್ದು ಇಷ್ಟು: ಬಿಟ್ಟಿದ್ದ ತಿಂಗಳುಗಳು ಎಲ್ಲೂ ಹೋಗಿಲ್ಲ, ಇವತ್ತು ಡಾಕ್ಟರ ಹತ್ತಿರ ಹೋಗೋಣ.

ದಿನಗಟ್ಟಲೆ ಕುಡಿದಿದ್ದರೆ ಮನೆಯಲ್ಲಿ ನಿಲ್ಲಿಸಬೇಡಿ

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಲವು ದಿನ ಸತತವಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ ಆಗಬಹುದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲೇ. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ದಿಕ್ಕು ತಪ್ಪಿದಂತಾಗುತ್ತದೆ, ಇಲ್ಲದ ಹುಳು, ಇಲ್ಲದ ಮನುಷ್ಯರು ಕಾಣುತ್ತಾರೆ. ಗಾಳಿ ಮೆಟ್ಟಿದೆ ಅಂತ ಯಂತ್ರ ಕಟ್ಟಿಸಲು ಓಡಬೇಡಿ. ಅದು ಡೆಲಿರಿಯಂ, ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ. ಹಿಂದೆ ಒಮ್ಮೆ ಫಿಟ್ಸ್ ಬಂದಿದ್ದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ.

"ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿದ್ರೆ ಸರಿಹೋಗ್ತಾರೆ" ಅಂತ ಊರಲ್ಲಿ ಹೇಳುತ್ತಾರೆ. ಜಾಸ್ತಿ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ಕಮ್ಮಿ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಡಾಕ್ಟರಿಗೆ ಕುಡಿತದ ವಿಷಯ ಮುಚ್ಚಿಡದೆ ಹೇಳಿ, ಥಯಮಿನ್ ಕೊಟ್ಟಿದ್ದೀರಾ ಅಂತ ಕೇಳಿ. ನಡುಕ, ಫಿಟ್ಸ್ ತಡೆಯಲು ಅವರು ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ.

ಆಮೇಲಿನ ಮಾತ್ರೆಗಳು ಬೇರೆ. ನಾಲ್‌ಟ್ರೆಕ್ಸೋನ್, ಅಕಾಂಪ್ರೋಸೇಟ್ ಕುಡಿಯುವ ಸೆಳೆತ ಕಡಿಮೆ ಮಾಡುತ್ತವೆ. ಲಿವರ್, ಕಿಡ್ನಿ ನೋಡಿ ಯಾವುದು ಅಂತ ಡಾಕ್ಟರು ತೀರ್ಮಾನಿಸುತ್ತಾರೆ. ಡೈಸಲ್ಫಿರಾಂ ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ಬಿಪಿ ಕುಸಿಯಬಹುದು. ಅದರ ಪರಿಣಾಮ ಮಾತ್ರೆ ನಿಲ್ಲಿಸಿದ ಮೇಲೂ 2 ವಾರದವರೆಗೆ ಇರಬಹುದು. ಹಾಗಾಗಿ ಅದನ್ನು ತೆಗೆದುಕೊಳ್ಳುವವರು ತಿಳಿದು, ಒಪ್ಪಿಯೇ ತೆಗೆದುಕೊಳ್ಳಬೇಕು. "ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ" ಅಂತ ಮಾರುವ ಪುಡಿಗಳನ್ನು ಮನೆಗೆ ತರಬೇಡಿ. ಅದರಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಜೀವ ಹೋದರೆ ಯಾರು ಹೊಣೆ?

ಎಲ್ಲಿಗೆ ಹೋಗಬೇಕು

ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ 8 ದಿನದ ಮದ್ಯವರ್ಜನ ಶಿಬಿರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಇರುತ್ತದಲ್ಲ, ನನಗೆ ಅದು ಶಿಬಿರದಷ್ಟೇ ಮುಖ್ಯ ಅನಿಸುತ್ತದೆ. ನಡುಕ, ಫಿಟ್ಸ್ ಇರುವವರು ಮೊದಲು ಡಾಕ್ಟರಿಗೆ ತೋರಿಸಿಯೇ ಶಿಬಿರಕ್ಕೆ ಹೋಗಲಿ. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ಶುಲ್ಕ ಇಲ್ಲ. ಹೆಸರು, ಊರು ಹೊರಗೆ ಹೇಳುವುದಿಲ್ಲ. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ನೋಂದಣಿ ಇದೆಯಾ, ಡಾಕ್ಟರು ದಿನಾ ಬರುತ್ತಾರಾ, ಮನೆಯವರಿಗೆ ನೋಡಲು ಬಿಡುತ್ತಾರಾ ಅಂತ ಕೇಳಿ. ಹೊಡೆದು ಬಡಿದು ಬಿಡಿಸುತ್ತೇವೆ ಅನ್ನುವ ಕಡೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದ ಕಾಯಿಲೆ ಇರುವವರಿಗೂ ಅನ್ವಯಿಸುತ್ತದೆ. ರೋಗಿಯ ಮೇಲೆ ಕೈ ಮಾಡುವ ಅಧಿಕಾರ ಯಾವ ಕೇಂದ್ರಕ್ಕೂ ಇಲ್ಲ.

"ಅವರು ಬರೋದೇ ಇಲ್ಲ ಅಂತಾರೆ ಅಕ್ಕಾ" ಅನ್ನುವವರೇ ಜಾಸ್ತಿ. ಹಾಗಿದ್ದರೆ ನೀವೊಬ್ಬರೇ ಹೋಗಿ. ಓಪಿಡಿ ಚೀಟಿ ನಿಮ್ಮ ಹೆಸರಲ್ಲೇ ಮಾಡಿಸಿ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಹೆದರಿಕೆ ಆಗುತ್ತೆ ಅಂತ ನಿಮ್ಮ ಕಷ್ಟವನ್ನೇ ಹೇಳಿ. ಗಂಡನ ಹತ್ತಿರ ಹೇಗೆ ಮಾತಾಡಬೇಕು ಅಂತ ಕೌನ್ಸೆಲರ್ ನಿಮಗೆ ಹೇಳಿಕೊಡುತ್ತಾರೆ. ಮನೆಯವರು ಮೊದಲು ಹೋಗಿ, ಆಮೇಲೆ ಕುಡಿಯುವವರು ಹಿಂದೆ ಬಂದದ್ದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಮನೆಯಿಂದ ಹೊರಗೆ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.